ನಜ್ಮಾ ಯಾವ ಊರಾಕಿ?

ಗಜೇಂದ್ರಗಡದ ಪೇಟೆಯಿಂದ ಗುಡ್ಡದ ಕಡೆಗೆ ಏರುವ ಓಣಿಯಲ್ಲಿ ಜಮಾಲಬಿಯ ಚುರಮರಿ ಭಟ್ಟಿ ಇತ್ತು. ಮುಂಜಾನೆ ಆ ಓಣಿಗೆ ಕಾಲಿಟ್ಟವರಿಗೆ ಮೊದಲು ಕಾದ ಉಸುಕಿನ ವಾಸನೆ ಬರುತ್ತಿತ್ತು, ಆಮೇಲೆ ಜರಡಿಯ ಸಪ್ಪಳ ಕೇಳುತ್ತಿತ್ತು, ಅದರ ಹಿಂದಿನಿಂದ ಒಂದು ಹುಡುಗಿಯ ದನಿ. ಆ ದನಿ ಯಾವಾಗಲೂ ಏನನ್ನೋ ಕೇಳುತ್ತಲೇ ಇರುತ್ತಿತ್ತು.

"ಖಾಲಾ, ಅಕ್ಕಿ ಉಪ್ಪುನೀರಾಗ ನೆನಸಿ ಒಣಗಿಸಿದ್ರನ ಇಷ್ಟು ಅರಳತೈತಿ. ಬರೇ ನೀರಾಗ ನೆನಸಿದ್ರ ಯಾಕ ಅರಳೂದಿಲ್ಲ?"

"ನಮ್ಮವ್ವ ಹಂಗ ಮಾಡತಿದ್ಲು, ನಾನೂ ಹಂಗ ಮಾಡತೀನಿ. ಕೈ ಆಡಸು, ಸೀದುಹೋದೀತು."

ಕೇಳುತ್ತಿದ್ದವಳು ನಜ್ಮಾ. ಜಮಾಲಬಿ ಅವಳ ತಾಯಿಯ ಅಕ್ಕ. ತಾಯಿ ತೀರಿಕೊಂಡ ಮೇಲೆ ಚಿಕ್ಕ ಹುಡುಗಿಯನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಂದು ಇಲ್ಲಿ ಬಿಟ್ಟುಹೋದವನು ಅವಳ ತಂದೆ ಕಾಶೀಂಸಾಬ. ಅವನು ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು. ಅವನ ಊರು ಗಜೇಂದ್ರಗಡದಿಂದ ಮಧ್ಯಾಹ್ನ ಹೊರಟರೆ ಸಂಜೆಗೆ ಮುಟ್ಟುವಷ್ಟು ದೂರ. ಆದರೆ ಆಗಿನ ಲೆಕ್ಕದಲ್ಲಿ ಅದು ಬೇರೆ ರಾಜ್ಯ. ಇತ್ತ ಮುಂಬೈ ಸರಕಾರ, ಅತ್ತ ಹೈದರಾಬಾದು. ನಿಜಾಮಶಾಹಿ ಮುಗಿದು ವರ್ಷಗಳಾಗಿದ್ದರೂ ಜನ ಆ ಕಡೆಯನ್ನು ಇನ್ನೂ ಮೊಗಲಾಯಿ ಎಂದೇ ಕರೆಯುತ್ತಿದ್ದರು. ನಡುವೆ ಇದ್ದದ್ದು ಒಂದು ಹಳ್ಳ, ದಂಡೆಯ ಮೇಲೊಂದು ತಪಾಸಣೆಯ ನಾಕಾ, ಒಂದಷ್ಟು ಜಾಲಿಗಿಡ.

ಸಂತೆಗೆ ಬಂದಾಗಲೆಲ್ಲ ಕಾಶೀಂಸಾಬ ಮಗಳನ್ನು ನೋಡಿ ಹೋಗುತ್ತಿದ್ದ. ಆಗ ನಜ್ಮಾಳಿಗೆ ಕೇಳಲು ಇನ್ನಷ್ಟು ಸಿಗುತ್ತಿತ್ತು. ಕಾದ ಪಾತ್ರೆಗೆ ನವಸಾಗರ ಉಜ್ಜಿದರೆ ಬಿಳಿ ಹೊಗೆ ಯಾಕೆ ಏಳುತ್ತದೆ? ಅದು ಎದ್ದ ಮೇಲೆಯೇ ತವರ ಯಾಕೆ ಹಿಡಿಯುತ್ತದೆ? ತಂದೆ ನಕ್ಕು, "ನಿನ್ನ ಸಾಲಿ ಮಾಸ್ತರನ್ನ ಕೇಳು" ಅನ್ನುತ್ತಿದ್ದ. ಅವಳು ಕೇಳಿಯೂ ಕೇಳುತ್ತಿದ್ದಳು. ಹೈಸ್ಕೂಲಿನ ಗೋಪಾಲಕೃಷ್ಣ ಮಾಸ್ತರರು ಒಂದು ದಿನ ಸಾಕಾಗಿ, "ನೀ ಕೇಳೂದಕ್ಕೆಲ್ಲಾ ರಸಾಯನಶಾಸ್ತ್ರ ಅಂತಾರವಾ. ಅದಕ್ಕ ಕಾಲೇಜಿಗೇ ಹೋಗಬೇಕು. ನನಗ ಗೊತ್ತಿದ್ದದ್ದು ಮುಗೀತು" ಎಂದುಬಿಟ್ಟರು.

ಮಾಸ್ತರರು ಅದನ್ನು ಸುಮ್ಮನೆ ಅಂದಿರಬಹುದು. ನಜ್ಮಾ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ೧೯೫೪ರ ಬೇಸಿಗೆಯಲ್ಲಿ ಎಸ್.ಎಸ್.ಸಿ. ಪಾಸಾದ ಸುದ್ದಿ ಬಂದಾಗ ಓಣಿಯವರೆಲ್ಲ ಇನ್ನು ನಿಕಾ ಯಾವಾಗ ಎಂದು ಕೇಳಿದರೆ, ಅವಳು ಧಾರವಾಡಕ್ಕೆ ಯಾವ ಗಾಡಿ ಎಂದು ಕೇಳಿದಳು.

ಜಮಾಲಬಿಗೆ ಕಾಲೇಜು ಅಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಆದರೆ ಈ ಹುಡುಗಿಯ ಪ್ರಶ್ನೆಗಳಿಗೆ ಎಲ್ಲಾದರೂ ಒಂದು ಕಡೆ ಉತ್ತರ ಸಿಗುವುದಾದರೆ ತನ್ನ ತಲೆಬೇನೆಯೂ ತಪ್ಪೀತು ಅನ್ನಿಸಿತು. ಭಟ್ಟಿ ಆರಿಸಿ, ಬುರ್ಖಾ ಝಾಡಿಸಿ ಹಾಕಿಕೊಂಡು, ಒಂದು ಗಂಟು ಚುರಮರಿ ಕಟ್ಟಿಕೊಂಡು ಅವಳ ಜೊತೆ ಹೊರಟೇಬಿಟ್ಟಳು. ಬಸ್ಸಿನಲ್ಲಿ ಗದಗಿಗೆ, ಅಲ್ಲಿಂದ ರೈಲಿನಲ್ಲಿ ಧಾರವಾಡಕ್ಕೆ.

ಕಾಲೇಜಿನ ಆಫೀಸಿನಲ್ಲಿ ಕೂತಿದ್ದ ಕಾರಕೂನರು ಒಳ್ಳೆಯವರು. ಗುಣಪತ್ರ ನೋಡಿ ತಲೆದೂಗಿದರು. ಹೆಸರು, ಜನ್ಮತಾರೀಕು, ಸಾಲಿ ಎಲ್ಲ ಬರೆದುಕೊಂಡರು.

"ತಂದಿಯವರು ಎಲ್ಲಿರತಾರ?"

"ಮೊಗಲಾಯ್ಯಾಗ್ರಿ. ಹನಮಸಾಗರದ ಆಚೀಕಿನ ಹಳ್ಳಿ."

ಕಾರಕೂನರ ಲೆಕ್ಕಣಿಕೆ ನಿಂತಿತು. "ಅಂದ್ರ ನೀ ಹೊರಗಿನಾಕಿ ಆದಿ."

"ಹೊರಗ ಅಂದ್ರ ಎಲ್ಲಿ ಹೊರಗರಿ?"

ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಕಾಲೇಜಿನ ನಿಯಮ ಹಾಗಿತ್ತು. ಮುಂಬೈ ರಾಜ್ಯದ ರಹಿವಾಸಿಗಳಿಗೆ ಮೊದಲು ಜಾಗ, ಅವರಿಗೆ ಕಡಿಮೆ ಫೀ, ಹೆಣ್ಣುಮಕ್ಕಳಿಗೆ ಅದರಲ್ಲೂ ರಿಯಾಯಿತಿ. ಬೇರೆ ರಾಜ್ಯದವರು ಜಾಗ ಉಳಿದರೆ ಬರಬಹುದು, ಪೂರ್ತಿ ಫೀ ತುಂಬಬೇಕು. ಆ ಪೂರ್ತಿ ಫೀ ಎಷ್ಟೆಂದು ಕೇಳಿದ ಜಮಾಲಬಿ ಬುರ್ಖಾದ ಒಳಗಿನಿಂದಲೇ "ಯಾ ಅಲ್ಲಾ" ಅಂದಳು.

"ಆದ್ರ ನಾ ಇರೂದು ಗಜೇಂದ್ರಗಡದಾಗರಿ. ಸಣ್ಣಾಕಿದ್ದಾಗಿಂದ" ಎಂದಳು ನಜ್ಮಾ.

"ತಂದಿ ಎಲ್ಲಿಯವ್ರೋ ಮಗಳೂ ಅಲ್ಲಿಯಾಕಿ."

"ನಾ ಅಲ್ಲಿ ಇರದಿದ್ರೂ ಅಲ್ಲಿಯಾಕಿ ಹ್ಯಾಂಗ ಆಗತೀನ್ರಿ?"

ಕಾರಕೂನರು ಕನ್ನಡಕ ತೆಗೆದು ಒರೆಸಿದರು. "ಅದನ್ನ ನಾ ಹೇಳಾಕ ಬರೂದಿಲ್ಲವಾ. ನಿಮ್ಮ ಮಾಮಲೇದಾರರು ಹೇಳಬೇಕು. ಅವರ ಕಡಿಂದ ರಹಿವಾಸಿ ದಾಖಲೆ ತಂದರ ಜಾಗಾ ಕೊಡತೀವಿ."

ತಿರುಗಿ ಬರುವಾಗ ರೈಲಿನ ಕಿಟಕಿಗೆ ಹಣೆ ಹಚ್ಚಿಕೊಂಡು ಕೂತ ನಜ್ಮಾಳನ್ನು ನೋಡಿ ಜಮಾಲಬಿ ಅವಳು ಅಳುತ್ತಿರಬೇಕು ಎಂದುಕೊಂಡಳು. ಅವಳು ಅಳುತ್ತಿರಲಿಲ್ಲ. ಇಷ್ಟು ದಿನ ಅಕ್ಕಿ, ಉಪ್ಪು, ತವರ ಎಂದು ಹೊರಗಿನ ವಸ್ತುಗಳ ಬಗ್ಗೆ ಪ್ರಶ್ನೆ ಕೇಳುತ್ತ ಬಂದವಳಿಗೆ ಈಗ ತನ್ನ ಬಗ್ಗೆಯೇ ಒಂದು ಪ್ರಶ್ನೆ ಸಿಕ್ಕಿತ್ತು. ಬೇಸರಕ್ಕಿಂತ ಬೆರಗೇ ಹೆಚ್ಚಾಗಿ, "ಖಾಲಾ, ನಾ ಯಾವೂರಾಕಿ?" ಎಂದಳು.

"ಹಸಿವ್ಯಾಗೈತಿ ನಿನಗ. ಚುರಮರಿ ತಿನ್ನು" ಎಂದಳು ಜಮಾಲಬಿ.

ರೋಣದ ತಾಲೂಕು ಕಚೇರಿಯಲ್ಲಿ ಮಾಮಲೇದಾರರು ಮಧ್ಯವಯಸ್ಸಿನವರು, ಬಿಜಾಪುರದ ಕಡೆಯವರು. ಭೂಮಿಯ ತಂಟೆ, ಬಾಂದಿನ ಜಗಳ, ತಗಾವಿ ಸಾಲ ಇವುಗಳಲ್ಲೇ ದಿನ ಕಳೆಯುವ ಅವರಿಗೆ ಈ ಹುಡುಗಿಯ ಅರ್ಜಿ ಹೊಸದಾಗಿ ಕಂಡಿರಬೇಕು. ನಿಲ್ಲಿಸಿಯೇ ಮಾತಾಡಿಸುವ ರೂಢಿ ಬಿಟ್ಟು ಬಾಕಿನ ಮೇಲೆ ಕೂಡಲು ಹೇಳಿದರು.

"ಛಂದ ಕೇಳಿದಿ. ಒಬ್ಬ ಮನಷ್ಯಾ ಯಾವೂರಾಂವ ಅನ್ನೂದನ್ನ ಯಾರು ಹೇಳಬೇಕು? ಅಂವಾ ಹೇಳಬೇಕೋ, ಊರು ಹೇಳಬೇಕೋ? ಸರಕಾರಕ್ಕ ಎರಡೂ ಬೇಕು. ತಲಾಠಿನ್ನ ಕಳಸತೀನಿ. ಚೌಕಶಿ ಆಗಲಿ."

ಊರಿನ ಲೆಕ್ಕಪತ್ರ ನೋಡುವ ತಲಾಠಿ ಪ್ರಾಣೇಶರಾಯರು ಮರುವಾರ ಬಂದರು. ಸಪೂರ ಮನುಷ್ಯ, ತಲೆಗೆ ಕರಿ ಟೊಪ್ಪಿಗೆ, ಕೈಯಲ್ಲಿ ಮಡಚಿದ ಕೊಡೆ. ಭಟ್ಟಿಯ ಮುಂದೆ ಹಾಕಿದ ಹೊರಸಿನ ಮೇಲೆ ಕೂತು ಓಣಿಯವರನ್ನು ಒಬ್ಬೊಬ್ಬರಾಗಿ ಕರೆದರು. ನಜ್ಮಾಳಿಗೆ ಮಾತ್ರ, "ನೀ ಒಳಗ ಹೋಗು. ನೀ ಇದ್ದರ ಮಂದಿ ನಿನ್ನ ಮಾರಿ ನೋಡಿ ಮಾತಾಡತಾರ" ಎಂದರು.

ಅವಳು ಒಳಗೆ ಹೋದಳು, ಆದರೆ ಭಟ್ಟಿಯ ಗೋಡೆಯ ಬೆಳಕಿಂಡಿಗೆ ಕಿವಿ ಕೊಟ್ಟು ನಿಂತಳು. ಹಾಗೆ ಕೇಳಬಾರದು ಅನ್ನಿಸಿದರೂ, ತನ್ನ ಬಗ್ಗೆ ಜನ ಏನೆನ್ನುತ್ತಾರೆ ಎಂದು ಕೇಳುವ ಆಸೆ ದೊಡ್ಡದಿತ್ತು.

ಎದುರು ಮನೆಯ ಎಣ್ಣೆ ವ್ಯಾಪಾರಿ ದುರಗಪ್ಪ, "ಇಕಿ ನಮ್ಮೂರಾಕಿ ಅಲ್ಲ ಅಂದ್ರ ನಾನೂ ಅಲ್ರಿ ಸಾಹೇಬ್ರ. ನಮ್ಮ ಅಂಗಡ್ಯಾಗ ಎಣ್ಣಿ ಮ್ಯಾಲೆ ನೀರು ಯಾಕ ನಿಲ್ಲೂದಿಲ್ಲ ಅಂತ ನೋಡಾಕ ಹೋಗಿ ಒಂದು ಡಬ್ಬಿ ಹಾಳು ಮಾಡ್ಯಾಳ" ಎಂದ. ಪ್ರಾಣೇಶರಾಯರು ಅದನ್ನು ಬರೆದುಕೊಳ್ಳಲಿಲ್ಲ.

ಮೂಲೆಯ ಮನೆಯ ಕಾಶಿಬಾಯಿ ಬಂದು ನಿಂತಲ್ಲೇ ಹೇಳಿದರು. "ಬಂದಾಗ ಇಷ್ಟಿದ್ಲು ನೋಡ್ರಿ. ನಮ್ಮ ಕಟ್ಟೀಮ್ಯಾಲೆ ಕೂತು ತುಳಸಿಗೆ ಎಲಿಯಾಗ ಯಾಕ ವಾಸನಿ ಅದ, ಬೇರಿನಾಗ ಯಾಕಿಲ್ಲ ಅಂತ ಕೇಳತಿದ್ಲು. ನಾ ಏನು ಹೇಳ್ಲಿ? ಆವತ್ತಿಂದ ಇಲ್ಲೇ ಇದ್ದಾಳ. ಮತ್ತೆಲ್ಲೂ ಹೋಗಿಲ್ಲ."

ಜಮಾಲಬಿಯ ದೂರದ ಸಂಬಂಧಿ ಅಕ್ಬರಸಾಬ ಮಾತ್ರ ಬೇರೆ ಹೇಳಿದ. "ಖರೇ ಹೇಳಬೇಕಂದ್ರ ಇಕಿ ಇಲ್ಲೀಕಿ ಅಲ್ರಿ. ತಂದಿ ಅದಾನ, ತಂದಿಗೆ ಮನಿ ಐತಿ, ಊರು ಐತಿ. ಇಲ್ಲಿ ಬೆಳಿಯಾಕ ಬಿಟ್ಟಾನ ಅಷ್ಟ."

ಅವನ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಗೋಡೆಯ ಹಿಂದೆ ನಿಂತಿದ್ದ ನಜ್ಮಾಳಿಗೆ ಮೂವರ ಮಾತೂ ಸುಳ್ಳೆನಿಸಲಿಲ್ಲ. ಮೂರೂ ತನ್ನವೇ ಅನ್ನಿಸಿದ್ದು ಮಾತ್ರ ವಿಚಿತ್ರವಾಗಿ ಕಂಡಿತು.

ಕೊನೆಗೆ ಪ್ರಾಣೇಶರಾಯರು ಜಮಾಲಬಿಯನ್ನು ಕೇಳಿದರು. "ಹುಡುಗೀನ್ನ ದತ್ತಕ ತೊಗೊಂಡೀರೇನು?"

"ನಮ್ಮಾಗ ದತ್ತಕ ಇಲ್ರಿ. ತಂಗಿ ಮಗಳು. ಸಾಕೇನಿ."

"ಅಲ್ಲೇ ಅಡಚಣಿ ಅದ ನೋಡ್ರಿ." ಅವರು ಕೊಡೆಯ ತುದಿಯಿಂದ ನೆಲ ಕೆರೆಯುತ್ತ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ದನಿ ತಗ್ಗಿಸಿದರು. "ಒಂದು ದಾರಿ ಅದ. ಇಕಿ ತಂದಿ ಬಂದು, ನನಗೂ ಇಕಿಗೂ ಏನೂ ಸಂಬಂಧ ಇಲ್ಲ, ನಾ ಬಿಟ್ಟುಬಿಟ್ಟೀನಿ, ಖರ್ಚಿಗೂ ಕೊಟ್ಟಿಲ್ಲ ಅಂತ ಹೇಳಿದರ, ನೀವ ಪಾಲಕರು ಅಂತ ನಾ ಬರೀತೀನಿ. ಕೆಲಸ ಆಗಿಹೋಗತದ."

ಇದು ಬಹಳ ಸುಲಭವಾದ ದಾರಿ. ಜಮಾಲಬಿ ಮರುದಿನವೇ ಯಾರನ್ನಾದರೂ ಕಳಿಸಿ ಕಾಶೀಂಸಾಬನನ್ನು ಕರೆಸುತ್ತಿದ್ದಳು. ಆದರೆ ನಜ್ಮಾ ತಾನೇ ಹೋಗುತ್ತೇನೆ ಎಂದಳು. ತಂದೆಯ ಊರನ್ನು ಅವಳು ಬುದ್ಧಿ ಬಂದ ಮೇಲೆ ನೋಡಿಯೇ ಇರಲಿಲ್ಲ. ಸರಕಾರದ ಲೆಕ್ಕದಲ್ಲಿ ತಾನು ಇರುವ ಊರು ಹೇಗಿದೆ ಎಂದು ನೋಡಬೇಡವೇ?

ಸಂತೆಗೆ ಬಂದ ಚಕ್ಕಡಿಯೊಂದರಲ್ಲಿ ಇಬ್ಬರೂ ಹೋದರು. ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ನಾಕಾದವನು ಚಕ್ಕಡಿಯಲ್ಲಿ ಏನಿದೆ ಎಂದು ಕೇಳಿ, ಒಂದು ಬೊಗಸೆ ಚುರಮರಿ ಇಸಕೊಂಡು ಬಿಟ್ಟ. ಆಚೆ ದಂಡೆಯ ಮಣ್ಣು ಈಚೆ ದಂಡೆಯ ಮಣ್ಣಿನ ಹಾಗೆಯೇ ಕೆಂಪಗಿತ್ತು. ಜೋಳದ ಹೊಲಗಳು ಅವೇ. ನಜ್ಮಾ ತಿರುಗಿ ತಿರುಗಿ ನೋಡಿದಳು, ಗೆರೆ ಎಲ್ಲಿದೆ ಎಂದು.

ಕಾಶೀಂಸಾಬ ಊರ ಮುಂದಿನ ಬೇವಿನ ಗಿಡದ ಕೆಳಗೆ ತಿದಿ ಒತ್ತುತ್ತ ಕೂತಿದ್ದ. ಮಗಳು ಚಕ್ಕಡಿಯಿಂದ ಇಳಿಯುವುದನ್ನು ಕಂಡು ಕೈಯಲ್ಲಿದ್ದ ಇಕ್ಕಳ ಕೆಳಗೆ ಹಾಕಿದ.

"ಯಾರಿಗೇನಾತು?"

"ಯಾರಿಗೂ ಏನೂ ಆಗಿಲ್ಲ ಅಬ್ಬಾ. ನಿನ್ನ ಊರು ನೋಡಾಕ ಬಂದೆ."

ಅವನು ಕೆಲಸ ಬಿಟ್ಟೆದ್ದು ಮನೆಗೆ ಕರೆದೊಯ್ದ. ಒಂದೇ ಖೋಲಿಯ ಮಣ್ಣಿನ ಮನೆ, ಒಳಗೆಲ್ಲ ಹೊಗೆಯ ಬಣ್ಣ. ತಾನೇ ಚಹಾ ಕಾಸಿದ. ಜಮಾಲಬಿ ನಡೆದದ್ದನ್ನೆಲ್ಲ ಹೇಳಿದಳು. ಕಾಶೀಂಸಾಬ ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ, "ಅಷ್ಟನಾ? ನಾಳೆ ಬರತೀನಿ. ಏನು ಹೇಳಂತಾರೋ ಹೇಳತೀನಿ. ಹೆಬ್ಬೆಟ್ಟು ಒತ್ತು ಅಂದ್ರ ಒತ್ತತೀನಿ" ಎಂದ.

"ನೀ ನನ್ನ ಬಿಟ್ಟುಬಿಟ್ಟೀನಿ ಅಂತ ಹೇಳಬೇಕು ಅಬ್ಬಾ."

"ಹೇಳತೀನವಾ."

ನಜ್ಮಾ ಅವನ ಮುಖವನ್ನೇ ನೋಡುತ್ತಿದ್ದಳು. ಬಹಳ ದಿನಗಳಿಂದ ಒಳಗೇ ಇದ್ದ ಪ್ರಶ್ನೆಯೊಂದು ಈಗ ಹೊರಬಂತು. "ಅಬ್ಬಾ, ಅವತ್ತು ನನ್ನ ಯಾಕ ಅಲ್ಲಿ ಬಿಟ್ಟಿ? ಅಮ್ಮಾ ಸತ್ತ ಮ್ಯಾಲೆ ನಿನಗ ಸಾಕಾಕ ಆಗಲಿಲ್ಲೇನು?"

ಕಾಶೀಂಸಾಬ ಚಹಾದ ಬಟ್ಟಲನ್ನು ನೆಲದ ಮೇಲಿಟ್ಟ.

"ಆಗತಿತ್ತು. ನನ್ನ ಅವ್ವ ಇನ್ನೂ ಇದ್ಲು, ಆಕಿ ಸಾಕತಿದ್ಲು. ಆದ್ರ ನಿನ್ನ ಅಮ್ಮಾ ಕಣ್ಣು ಮುಚ್ಚೂ ಮೊದಲ ನನ್ನ ಕೈ ಹಿಡದು ಹುಡುಗೀನ್ನ ಓದಸು ಅಂದಿದ್ಲು. ಈ ಊರಾಗ ಆಗ ಸಾಲಿನ ಇರಲಿಲ್ಲ. ಗಜೇಂದ್ರಗಡದಾಗ ಹೆಣ್ಣಮಕ್ಕಳ ಸಾಲಿ ಐತಿ ಅಂತ ಗೊತ್ತಿತ್ತು. ಅದಕ್ಕ ಬಿಟ್ಟು ಬಂದೆ. ಹಳ್ಳ ದಾಟಿ ತಿರುಗಿ ಬರುವಾಗ ನಾಕಾದವ ಯಾಕ ಅಳತೀ ಅಂತ ಕೇಳಿದ. ಹೊಗಿ ಹೋಗೈತಿ ಕಣ್ಣಾಗ ಅಂದೆ."

ಜಮಾಲಬಿಗೂ ಇದು ಗೊತ್ತಿರಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಓದಲಿ ಎಂದೇ ತಂದೆ ನಜ್ಮಾಳನ್ನು ಹಳ್ಳದ ಆಚೆ ಬಿಟ್ಟಿದ್ದ. ಅವನು ಈಚೆ ಉಳಿದ ಎಂಬ ಕಾರಣಕ್ಕೇ ಈಗ ಓದು ನಿಂತಿತ್ತು. ಇದಕ್ಕೆ ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ನೀ ಬರೂದು ಬ್ಯಾಡ ಅಬ್ಬಾ" ಎಂದಳು ಕೊನೆಗೆ.

"ಯಾಕ? ಬರೇ ಒಂದು ಮಾತು."

"ಸುಳ್ಳು ಮಾತು. ನೀ ನನ್ನ ಬಿಟ್ಟಿಲ್ಲ. ಬಿಟ್ಟೀನಿ ಅಂತ ನೀ ಹೇಳಿದ್ರ, ನಾ ಅದರ ಮ್ಯಾಲೆ ಕೂತು ಓದಾಕ ಆಗೂದಿಲ್ಲ."

ಕಾಶೀಂಸಾಬ ವಾದಿಸಿದ, ಜಮಾಲಬಿ ಬೈದಳು. ನಜ್ಮಾ ಕೇಳಲಿಲ್ಲ. ಮುಂದಿನ ವಾರ ಒಬ್ಬಳೇ ರೋಣಕ್ಕೆ ಹೋಗಿ ಮಾಮಲೇದಾರರ ಎದುರು ನಿಂತು, ತಂದೆ ತನ್ನನ್ನು ಬಿಟ್ಟಿಲ್ಲವೆಂದೂ ಹಾಗೆ ಬರೆಸಲು ತಾನು ಒಪ್ಪುವುದಿಲ್ಲವೆಂದೂ ಹೇಳಿದಳು. "ಬ್ಯಾರೆ ದಾರಿ ಇದ್ರ ಹೇಳ್ರಿ. ಇಲ್ಲಾಂದ್ರ ಯಾಕಿಲ್ಲ ಅಂತರೆ ಹೇಳ್ರಿ."

ಮಾಮಲೇದಾರರು ನಕ್ಕರು. "ಇದ್ದೇ ಅದ. ಹೋದ ತಿಂಗಳು ನಿನಗ ಹದಿನೆಂಟು ತುಂಬ್ಯಾವು. ಇನ್ನ ಮ್ಯಾಲೆ ನಿನ್ನ ಊರು ನೀನ ಆರಿಸಬಹುದು. ಆದರ ಬಾಯಲೇ ಅಂದ್ರ ಸಾಲೂದಿಲ್ಲ. ತಂದಿ ಮನೀನೂ ಅಲ್ಲ, ಖಾಲಾನ ಮನೀನೂ ಅಲ್ಲ, ನೀನ ದುಡದು, ನೀನ ಬಾಡಗಿ ಕೊಟ್ಟು ಈ ಸೀಮ್ಯಾಗ ಒಂದು ವರ್ಷ ಇದ್ದು ತೋರಸು. ಮುಂದಿನ ಜೂನಕ್ಕ ಬಾ. ನಾ ಇಲ್ಲೇ ಇದ್ದರ ನಾನ ಸಹಿ ಮಾಡತೀನಿ."

ಒಂದು ವರ್ಷ! ಜಮಾಲಬಿ ಬೇಡವೆಂದಳು, ಗೋಪಾಲಕೃಷ್ಣ ಮಾಸ್ತರರು ಮಾತ್ರ ಓಡಾಡಿ ಶಾಲಾ ಬೋರ್ಡಿನವರನ್ನು ಕಂಡರು. ಹೊಳೆಮಣ್ಣೂರಿನ ಸಾಲಿಗೆ ತಾತ್ಕಾಲಿಕ ಮಾಸ್ತರರು ಬೇಕಾಗಿದ್ದರು. ಮಲಪ್ರಭೆಯ ದಂಡೆಯ ಆ ಊರಿಗೆ ಮಳೆಗಾಲದಲ್ಲಿ ಹೊಳೆ ಬರುತ್ತದೆಂದು ಯಾರೂ ಹೋಗಲು ಮನಸ್ಸು ಮಾಡುತ್ತಿರಲಿಲ್ಲ. ನಜ್ಮಾ ಹೂಂ ಅಂದಳು. ಅವಳಿಗೆ ಹೊಳೆ ನೋಡಬೇಕಾಗಿತ್ತು.

ಶಿವನಪ್ಪ ಎಂಬ ರೈತನ ಮನೆಯ ಹೊರಗಿನ ಖೋಲಿ ಅವಳಿಗೆ ಬಾಡಿಗೆಗೆ ಸಿಕ್ಕಿತು. ಹಿತ್ತಲಿನ ಆಚೆಗೆ ಎಮ್ಮೆ ಕಟ್ಟಿಕೊಂಡು ಹಾಲು ಮಾರುವ ರಾಜಮಾಳ ಮನೆ. ಮೊದಲ ದಿನವೇ ಊರಬಾಗಿಲ ಅಗಸಿ ಕಟ್ಟೆಯ ಮೇಲೆ ಕೂತವರು ಕೇಳಿದರು: "ಅಕ್ಕೋರ, ಯಾವೂರಾತು ನಿಮ್ಮದು?"

ಊರಿಗೆ ಬಂದ ಹೊಸಬರನ್ನು ಎಲ್ಲರೂ ಕೇಳುವ ಮಾತು ಅದು. ನಜ್ಮಾಳಿಗೆ ನಗು ಬಂತು. ಅವಳು ಮುಚ್ಚಿಡದೆ ಇದ್ದದ್ದು ಇದ್ದ ಹಾಗೆ ಹೇಳಿದಳು. ತಾನು ಯಾವೂರಾಕಿ ಎಂದು ಸರಕಾರಕ್ಕೆ ತಿಳಿಯದೆ ಇದೆ, ಅದಕ್ಕೇ ಒಂದು ವರ್ಷ ಇಲ್ಲಿರಲು ಬಂದಿದ್ದೇನೆ ಎಂದಳು.

ಕಟ್ಟೆಯವರಿಗೆ ಇಂಥ ಸುದ್ದಿ ಸಿಕ್ಕಿ ಬಹಳ ದಿನವಾಗಿತ್ತು. ಒಂದು ಊರಿನವನಾಗಲು ಏನು ಬೇಕು ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಹೊಲ ಇರಬೇಕು ಎಂದರು ಕೆಲವರು. ಹೊಲವಿಲ್ಲದವರು ಸಿಟ್ಟಾದರು. ಹುಟ್ಟಬೇಕು ಎಂದ ಒಬ್ಬನಿಗೆ, ಹಾಗಾದರೆ ಊರ ಸೊಸೆಯರೆಲ್ಲ ಯಾವ ಊರಿನವರು ಎಂದು ಶಿವನಪ್ಪ ಕೇಳಿದ. ಅವನ ಪ್ರಕಾರ ಒಂದು ಮಳೆಗಾಲ ಹೊಳೆ ನೀರು ಕುಡಿದು ಜೀರ್ಣಿಸಿಕೊಂಡರೆ ಸಾಕಿತ್ತು. ಹಾಲು ಹಾಕಲು ಬಂದ ರಾಜಮಾ ನಿಂತು ಎಲ್ಲ ಕೇಳಿ, "ಊರಾಗ ಒಬ್ಬಾಕಿಯಾದ್ರೂ ಮನಸಾರೆ ಬೈಬೇಕು. ಪರವೂರವರನ್ನ ಯಾರು ಬೈತಾರ?" ಎಂದು ಹೇಳಿ ಹೊರಟುಹೋದಳು.

ಸಾಲಿಗೆ ಮೊದಲು ಬರುತ್ತಿದ್ದ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಕಲಿಸುವವಳೂ ಹೆಣ್ಣು ಎಂದು ಗೊತ್ತಾದ ಮೇಲೆ ಒಬ್ಬೊಬ್ಬರೇ ಹೆಚ್ಚಾದರು. ನಜ್ಮಾ ಅವರಿಗೆ ಪಾಠ ಹೇಳುವುದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದಳು. ಮನೆಗೆ ಹೋದ ಹುಡುಗಿಯರು ಅವೇ ಪ್ರಶ್ನೆಗಳನ್ನು ತಾಯಂದಿರಿಗೆ ಕೇಳಿ ಬೈಸಿಕೊಳ್ಳುತ್ತಿದ್ದರು.

ಶ್ರಾವಣದಲ್ಲಿ ಹೊಳೆ ಏರಿತು. ಮೇಲಿನ ಘಟ್ಟದಲ್ಲಿ ಮಳೆ, ಇಲ್ಲಿ ಬಿಸಿಲು. ಆದರೂ ಕೆಂಪು ನೀರು ಹೊಲ ಹೊಕ್ಕು, ಕೆಳಗಿನ ಓಣಿ ಹೊಕ್ಕು, ಸಾಲಿಯ ಮೆಟ್ಟಿಲು ಮುಟ್ಟಿತು. ದನಕರು, ಕಾಳಿನ ಚೀಲ ಎಲ್ಲ ಮೇಲಿನ ಮಡ್ಡಿಗೆ ಹೋದವು. ಗಜೇಂದ್ರಗಡದಿಂದ ಜಮಾಲಬಿ, ಕೂಡಲೆ ಬಾ ಎಂದು ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದಳು. ಸಾಲಿಯೂ ಮುಚ್ಚಿತ್ತು, ಹೋಗಬಹುದಿತ್ತು. ನಜ್ಮಾ ಹೋಗಲಿಲ್ಲ. ಹುಡುಗಿಯರನ್ನು ಮಡ್ಡಿಯ ಮೇಲಿನ ಹನಮಪ್ಪನ ಗುಡಿಯ ಪೌಳಿಯಲ್ಲಿ ಕೂಡಿಸಿದಳು. ಅವರನ್ನು ಕರೆದುಕೊಂಡು ಹೋಗಿ ನೀರಂಚಿನ ಒಂದು ಕರಿಜಾಲಿಯ ಬೊಡ್ಡೆಗೆ ಸುಣ್ಣದ ಗೆರೆ ಎಳೆದು, ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ತೋರಿಸುತ್ತಿದ್ದಳು.

ಒಂದು ಮುಂಜಾನೆ ಗೆರೆ ಸರಿಯಾಗಿ ಕಾಣಲಿಲ್ಲವೆಂದು ಸೊಂಟದವರೆಗೆ ನೀರಿಗೆ ಇಳಿದಳು. ಕಾಲ ಕೆಳಗಿನ ಕೆಸರು ಜಾರಿತು. ಎಮ್ಮೆ ಮೇಯಿಸುತ್ತಿದ್ದ ರಾಜಮಾ ಕಂಡವಳೇ ಓಡಿಬಂದು, ಕೈಯಲ್ಲಿದ್ದ ಕೋಲು ಚಾಚಿ, ಅವಳನ್ನು ದಂಡೆಗೆ ಎಳೆದುಹಾಕಿದಳು. ಆಮೇಲೆ ಬಾಯಿ ಬಿಟ್ಟಳು ನೋಡಿ! "ಖೋಡಿ, ಹುಚ್ಚಿ, ನಿನ್ನ ಓದು ಹಾಳಾಗಲಿ! ನೀ ಹೋದ್ರ ನಿಮ್ಮಪ್ಪಗ ಏನಂತ ಹೇಳಬೇಕು ನಾ? ಹೊಳಿ ಅಂದ್ರ ಆಟಾ ಮಾಡಿಯೇನು?" ಎಂದು ಮಡ್ಡಿಯ ಮೇಲಿದ್ದ ಇಡೀ ಊರಿಗೆ ಕೇಳುವ ಹಾಗೆ ಬೈದಳು. ಮೈಯೆಲ್ಲ ಕೆಸರಾಗಿ ನಡುಗುತ್ತ ನಿಂತಿದ್ದ ನಜ್ಮಾಳಿಗೆ ತಡೆಯಲಾರದೆ ನಗು ಬಂತು. ಸ್ವಲ್ಪ ಹೊತ್ತಿಗೆ ರಾಜಮಾಳಿಗೂ ತಾನು ಹಿಂದೆ ಹೇಳಿದ್ದು ನೆನಪಾಗಿರಬೇಕು. ಅವಳು ಕೋಲು ಬಿಸಾಕಿ, ತನ್ನ ಒಣಗಿದ ಸೀರೆಯೊಂದನ್ನು ತಂದು ಹೊದಿಸಿದಳು.

ಜೂನ್ ಬಂದಾಗ ಚೌಕಶಿಗೆ ಬಂದವರು ಮತ್ತೆ ಪ್ರಾಣೇಶರಾಯರೇ. ಅವರಿಗೆ ಆ ಕಡೆಗೆ ಬದಲಿಯಾಗಿತ್ತು. ಕೊಡೆ ಊರಿಕೊಂಡು ಶಿವನಪ್ಪನನ್ನು ಕೇಳಿದರು: "ಇಕಿ ಇನ್ನ ಮುಂದೂ ಇಲ್ಲೇ ಇರಾಕಿ ಏನು?"

"ಇಲ್ರಿ. ಓದಾಕ ಹೋಗಾಕಿ. ನಮಗ ಮೊದಲ ಹೇಳ್ಯಾಳ."

"ಹಂಗಂದರ ನಾ ಹ್ಯಾಂಗ ಬರೀಲಿ?"

"ನಮ್ಮ ಮಗಳೂ ಕೊಟ್ಟ ಮನೀಗೆ ಹೋಗ್ಯಾಳ್ರಿ. ಹೋದ್ಲು ಅಂದ್ರ ನಮ್ಮೂರಾಕಿ ಅಲ್ಲೇನ್ರಿ?"

ಪ್ರಾಣೇಶರಾಯರು ಈ ಸಲ ಅದನ್ನು ಬರೆದುಕೊಂಡರು. ರೋಣದಲ್ಲಿ ಮಾಮಲೇದಾರರು ಅದೇ ಪ್ರಶ್ನೆಯನ್ನು ನಜ್ಮಾಳಿಗೇ ಹಾಕಿದರು. ಖರೆ ಹೇಳು, ಓದಿದ ಮೇಲೆ ಎಲ್ಲಿರುತ್ತಿ? ಅವಳು, "ಗೊತ್ತಿಲ್ರಿ. ನೌಕರಿ ಎಲ್ಲಿ ಸಿಗತೈತೋ ಅಲ್ಲಿ. ಆದ್ರ ಯಾರರೆ ಯಾವೂರು ಅಂತ ಕೇಳಿದ್ರ ಹೊಳೆಮಣ್ಣೂರು ಅಂತೀನ್ರಿ" ಎಂದಳು. ಅವರು ಒಂದು ಗಳಿಗೆ ಅವಳನ್ನು ನೋಡಿ, ಸಹಿ ಮಾಡಿ, ಮಸಿ ಆರಲು ಮೆಲ್ಲಗೆ ಊದಿದರು.

ಧಾರವಾಡದ ಕಾಲೇಜಿನಲ್ಲಿ ಅವಳಿಗೆ ಜಾಗ ಸಿಕ್ಕಿತು, ಫೀಯಲ್ಲಿ ರಿಯಾಯಿತಿಯೂ ಸಿಕ್ಕಿತು. ಹೆಣ್ಣುಮಕ್ಕಳ ವಸತಿಗೃಹದಲ್ಲಿ ಇರತೊಡಗಿದಳು. ಮೊದಲ ವರ್ಷವೆಲ್ಲ ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಒದ್ದಾಡಿದಳು, ಒಂದು ವಿಷಯದಲ್ಲಿ ಕೂದಲೆಳೆಯಷ್ಟರಲ್ಲಿ ಪಾಸಾದಳು. ಪ್ರಯೋಗಶಾಲೆಯಲ್ಲಿ ಮಾತ್ರ ಹೊತ್ತು ಮುಗಿದ ಮೇಲೂ ಅವಳನ್ನು ಹೊರಗೆ ಕಳಿಸುವುದೇ ಅಲ್ಲಿಯವರಿಗೆ ಕೆಲಸವಾಗಿತ್ತು.

ಎರಡನೆಯ ವರ್ಷದ ನವೆಂಬರದಲ್ಲಿ ರಾಜ್ಯಗಳ ಗಡಿ ಬದಲಾಗಿ ಹೊಸ ಮೈಸೂರು ರಾಜ್ಯವಾಯಿತು. ಧಾರವಾಡ, ರೋಣ, ಗಜೇಂದ್ರಗಡ, ಹಳ್ಳದ ಆಚೆಗಿನ ತಂದೆಯ ಊರು, ಎಲ್ಲವೂ ಒಂದೇ ಕಡೆಗೆ ಬಂದವು. ವರಾಂಡದಲ್ಲಿ ಸಿಕ್ಕ ಕಾರಕೂನರು ಅವಳನ್ನು ನಿಲ್ಲಿಸಿದರು.

"ಇನ್ನ ನಿಮ್ಮ ತಂದಿಯವ್ರೂ ನಮ್ಮವ್ರ ಆದ್ರು ನೋಡವಾ. ಸುಮ್ಮನ ಒಂದು ವರ್ಷ ಕಳಕೊಂಡಿ."

ನಜ್ಮಾ ಹೊಳೆಮಣ್ಣೂರನ್ನು ನೆನೆಸಿಕೊಂಡು, ಕಳಕೊಂಡದ್ದು ಯಾವುದು ಎಂದು ಹುಡುಕಿದಳು, ಸಿಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಯೋಚನೆ ಹೊಳೆಯಿತು. "ಹಂಗಾದ್ರ ಸೊಲ್ಲಾಪುರದವ್ರು ಈಗ ಹೊರಗಿನವ್ರಾದ್ರೇನ್ರಿ?"

"ಹೌದು... ಆದ್ರು ಅನಬೇಕು" ಎಂದರು ಕಾರಕೂನರು.

ವಸತಿಗೃಹದಲ್ಲಿ ಅವಳ ಪಕ್ಕದ ಮಂಚದ ಅನಸೂಯಾ ಮುಂಬೈ ರಾಜ್ಯದಲ್ಲೇ ಉಳಿದ ಸೊಲ್ಲಾಪುರದವಳು. ಅದೇ ವರ್ಷ ಸೇರಿದ್ದಳು. ತಂದೆ ಇಲ್ಲ, ಅಣ್ಣ ಗಿರಣಿಯಲ್ಲಿ ದುಡಿಯುತ್ತಿದ್ದ. ತಾನು ಒಂದೇ ದಿನದಲ್ಲಿ ಪರರಾಜ್ಯದವಳಾದದ್ದು ಅವಳಿಗೆ ಗೊತ್ತೇ ಇರಲಿಲ್ಲ. ನಜ್ಮಾ ಹೇಳಿದಾಗ ಅವಳು ಗಾಬರಿಯಾಗಿ ಟ್ರಂಕು ಕಟ್ಟಲು ಹೊರಟಳು.

"ಟ್ರಂಕ ಬಿಡು. ಮೊದಲ ಕೇಳೂಣು ಬಾ" ಎಂದು ನಜ್ಮಾ ಅವಳನ್ನು ಕೈಹಿಡಿದು ಎಳೆದುಕೊಂಡು ಪ್ರಿನ್ಸಿಪಾಲರ ಖೋಲಿಗೆ ಹೋದಳು. ಒಳಗೆ ಹೋಗಿ ಕೇಳಿದಳು. "ಸರ್, ಇಕಿ ಎಲ್ಲೂ ಹೋಗಿಲ್ರಿ. ಇದ್ದಲ್ಲೇ ಇದ್ದಾಳ. ಗೆರಿ ಅಷ್ಟ ಸರದೈತಿ. ಗೆರಿ ಸರದ್ರ ಫೀ ಯಾರು ತುಂಬಬೇಕ್ರಿ?"

ಪ್ರಿನ್ಸಿಪಾಲರು ನಾಳೆ ಬರಲು ಹೇಳಿ ಕಳಿಸಿದರು. ಮರುದಿನವೂ ಹಾಗೇ ಆಯಿತು. ಹೊಸ ವರ್ಷ ಬಂದ ಮೇಲೆ ಒಂದು ಸುತ್ತೋಲೆ ಹೊರಟಿತು. ಆಗಲೇ ಸೇರಿದ್ದವರು ಓದು ಮುಗಿಸುವತನಕ ಹಳೆಯ ಫೀಯನ್ನೇ ಕೊಡಬಹುದು ಎಂದಿತ್ತು. ಅದು ಅವಳು ಕೇಳಿದ್ದರಿಂದ ಆಯಿತೋ, ಬೇರೆಯವರೂ ಕೇಳಿದ್ದರೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ. ಅನಸೂಯಾ ಮಾತ್ರ ಆ ಸಂಜೆ ಟ್ರಂಕಿನಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಇಡೀ ಡಬ್ಬಿಯನ್ನೇ ಅವಳ ಮುಂದೆ ಇಟ್ಟಳು.

೧೯೫೯ರಲ್ಲಿ ನಜ್ಮಾ ಬಿ.ಎಸ್‌ಸಿ. ಪಾಸಾದಳು. ಫಲಿತಾಂಶ ಬಂದು ಹೆಚ್ಚು ದಿನವಾಗಿರಲಿಲ್ಲ, ನರಗುಂದದ ಒಂದು ಹೈಸ್ಕೂಲಿನವರು ವಿಜ್ಞಾನಕ್ಕೆ ಶಿಕ್ಷಕಿ ಬೇಕೆಂದು ಕರೆದರು. ಕಮಿಟಿಯ ಹಿರಿಯರು ಸಾಲಾಗಿ ಕೂತು ಅವಳನ್ನು ಪರೀಕ್ಷೆ ಮಾಡಬೇಕೆಂದಿದ್ದರು. ಅವರು ಬಾಯಿ ತೆರೆಯುವ ಮೊದಲೇ ಅವಳು, ಪ್ರಯೋಗಶಾಲೆ ಇದೆಯೇ, ಅದರ ಕಿಟಕಿ ಯಾವ ದಿಕ್ಕಿಗಿದೆ, ನೀರು ಎಲ್ಲಿಂದ ತರುತ್ತಾರೆ, ಹೆಣ್ಣುಮಕ್ಕಳು ಎಷ್ಟಿದ್ದಾರೆ, ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳತೊಡಗಿದಳು. ಪ್ರಯೋಗಶಾಲೆ ಇರಲಿಲ್ಲ. ಅಂಗಳದ ಮೂಲೆಯಲ್ಲಿ ಮುರಿದ ಬಾಕುಗಳನ್ನು ತುಂಬಿದ್ದ ಒಂದು ಖೋಲಿ ಮಾತ್ರ ಇದೆ ಎಂದರು ಹಿರಿಯರು.

"ಅದರ ಕೀಲಿ ಯಾರ ಕಡೆ ಐತ್ರಿ?" ಎಂದು ನಜ್ಮಾ ಎದ್ದು ನಿಂತಳು.